ಅರೆ, ಅದ್ಯಾರು?

ಟೋಲ್ಕೀನ್ ಲೋಕದ ಸಣ್ಣ ಪಾತ್ರಗಳಿಗೆ ಮುಖ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಚಿತ್ರಕಾರರೇ, ಕಥೆ ಕಟ್ಟುವವರೇ, ಮೆಚ್ಚಿದ ಪಾತ್ರದ ವೇಷಕ್ಕೆಂದು ರಾತ್ರಿಯೆಲ್ಲ ಕೂತು ಬಟ್ಟೆ ಹೊಲಿಯುವವರೇ,

2001ರ ಡಿಸೆಂಬರಿನಲ್ಲಿ ತೆರೆಗೆ ಬಂದ 'ದ ಫೆಲೋಷಿಪ್ ಆಫ್ ದ ರಿಂಗ್' ಸಿನಿಮಾದಲ್ಲಿ ಒಂದು ಸಭೆ ನಡೆಯುತ್ತದೆ. ಎಲ್ರಾಂಡ್‌ನ ಅಂಗಳ, ನಡುವೆ ಕಲ್ಲಿನ ಪೀಠ, ಅದರ ಮೇಲೆ ಉಂಗುರ. ಅದನ್ನು ನಾಶ ಮಾಡಲು ಯಾರು ಹೋಗಬೇಕೆಂದು ದೊಡ್ಡದೊಡ್ಡವರೆಲ್ಲ ಎದ್ದು ನಿಂತು ಕಿತ್ತಾಡುತ್ತಿದ್ದಾರೆ. ಆಗ ಅವರ ಸೊಂಟದೆತ್ತರಕ್ಕೂ ಬಾರದ ಫ್ರೋಡೊ ತಾನು ಹೋಗುವುದಾಗಿ ಹೇಳುತ್ತಾನೆ. ಮೂರು ಸಿನಿಮಾಗಳ ಕಥೆ ನಿಂತಿರುವುದೇ ಆ ಗಳಿಗೆಯ ಮೇಲೆ. ನೋಡುವವರ ಕಣ್ಣು ಅವನ ಮೇಲಿಂದ ಕದಲಬಾರದಿತ್ತು. ಕೆಲವರದು ಕದಲಿತು. ಎರಡು ಮೂರು ಸೆಕೆಂಡು ಕಾಣಿಸಿ ಮರೆಯಾಗುವ, ತುಟಿ ಬಿಚ್ಚದ, ಗಂಭೀರವಾಗಿ ಕೂತ ಕಪ್ಪು ಕೂದಲಿನ ಒಬ್ಬ ಎಲ್ಫ್ ಅವರ ಕಣ್ಣಿಗೆ ಬಿದ್ದ.

ಫ್ರೋಡೊ ಅದ್ಭುತ... ಅರೆ, ಅದ್ಯಾರು? ಈ ಉದ್ಗಾರದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿದರೆ 'ಫಿಗ್‌ವಿಟ್' ಆಗುತ್ತದೆ. ಹೆಸರಿಲ್ಲದವನಿಗೆ ಅಭಿಮಾನಿಗಳು ಅದೇ ಹೆಸರಿಟ್ಟರು. ಆ ವೇಷದಲ್ಲಿದ್ದವರು ನ್ಯೂಜಿಲೆಂಡಿನ ಬ್ರೆಟ್ ಮೆಕೆಂಜಿ, ಮೂಲತಃ ಸಂಗೀತಗಾರ. ಅವರ ತಂದೆ ಪೀಟರ್ ಮೆಕೆಂಜಿ ಅದೇ ಸಿನಿಮಾದ ಆರಂಭದಲ್ಲಿ ಎಲೆಂಡಿಲ್ ರಾಜನಾಗಿ ಬಂದುಹೋಗುತ್ತಾರೆ. ಮಗನ ಪಾತ್ರಕ್ಕೆ ಅಷ್ಟೂ ಇರಲಿಲ್ಲ. ಆದರೆ ಅಭಿಮಾನಿಗಳ ಗದ್ದಲ ನಿರ್ದೇಶಕ ಪೀಟರ್ ಜಾಕ್ಸನ್ ಅವರ ಕಿವಿಗೂ ಬಿತ್ತು. 2003ರ ಮೂರನೆಯ ಚಿತ್ರಕ್ಕೆ ಫಿಗ್‌ವಿಟ್ ಮತ್ತೆ ಬಂದ. ಈ ಸಲ ಹಡಗಿನ ದಾರಿ ಹಿಡಿದಿದ್ದ ಆರ್ವೆನ್‌ಳ ಜೊತೆ ಆಡಲು ಒಂದೆರಡು ಮಾತೂ ಸಿಕ್ಕವು. ಕಲಾವಿದರ ಪಟ್ಟಿಯಲ್ಲಿ ಅವನು 'ಎಲ್ಫ್ ಬೆಂಗಾವಲಿನವ' ಅಷ್ಟೆ. 2004ರಲ್ಲಿ ಅವನ ಮೇಲೊಂದು ಸಾಕ್ಷ್ಯಚಿತ್ರವೇ ಬಂತು. 2012ರ 'ದ ಹಾಬಿಟ್' ಮೊದಲ ಭಾಗದಲ್ಲಿ ಮೆಕೆಂಜಿ ಲಿಂಡಿರ್ ಎಂಬ ಹೆಸರುಳ್ಳ ಎಲ್ಫ್ ಆದರು. ಲಿಂಡಿರ್ ಟೋಲ್ಕೀನರ ಪುಸ್ತಕದಲ್ಲೇ ಇದ್ದಾನೆ, ಒಂದು ಪುಟದ ಮಟ್ಟಿಗೆ.

ಯಕ್ಷಗಾನದ ಸೀಮೆಯವರಿಗೆ ಇದೇನೂ ಹೊಸದಲ್ಲ. ದೂತನಾಗಿಯೋ ಮುದುಕಿಯಾಗಿಯೋ ಬರುವ ಹಾಸ್ಯಗಾರನಿಗೆ ಪ್ರಸಂಗದ ಪುಸ್ತಕದಲ್ಲಿ ಹೆಚ್ಚು ಪದ್ಯಗಳಿರುವುದಿಲ್ಲ. ಬೆಳಗಿನ ಜಾವ ಚಾಪೆ ಮಡಚಿ ಮನೆಗೆ ಹೊರಟವರು ದಾರಿಯುದ್ದಕ್ಕೂ ಆಡಿಕೊಂಡು ನಗುವುದು ಮಾತ್ರ ಅವನ ಮಾತನ್ನೇ.

ಫಿಗ್‌ವಿಟ್‌ಗೆ ಹೆಸರಿಟ್ಟು ಎರಡು ದಶಕ ದಾಟಿತು. ನಿಮ್ಮ ಕೈ ನಿಂತಿಲ್ಲ. ಟೋಲ್ಕೀನ್ ಒಂದು ಸಾಲಿನಲ್ಲಿ ಹೇಳಿ ಮುಗಿಸಿದವರು, ವಂಶಾವಳಿಯ ಮೂಲೆಯಲ್ಲಿ ಬರೀ ಹೆಸರಾಗಿ ಉಳಿದವರು, ಆ ಹೆಸರೂ ಸಿಗದೆ ಹೋದವರು ನಿಮ್ಮ ಕಾಗದದ ಮೇಲೆ ಕಣ್ಣು ಬಿಡುತ್ತಿದ್ದಾರೆ. ಈ ಪತ್ರ ಅದಕ್ಕೊಂದು ಶಹಬ್ಬಾಸ್. ಜೊತೆಗೊಂದು ತಕರಾರೂ ಇದೆ, ಅದು ಆಮೇಲೆ.

ಮೊದಲು ಪರವಾನಗಿಯ ಮಾತು. ಮೂಲದಲ್ಲಿ ಇಲ್ಲದ್ದನ್ನು ಯಾಕೆ ತುರುಕುತ್ತೀರಿ ಎಂದು ನಿಮ್ಮನ್ನು ಕೇಳುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಅವರ ಮುಂದೆ ಹಿಡಿಯಲು ಒಂದು ಕಾಗದ ಇದೆ. 1951ರ ಸುಮಾರಿಗೆ ಟೋಲ್ಕೀನ್ ಪ್ರಕಾಶನ ಸಂಸ್ಥೆಯೊಂದರ ಮಿಲ್ಟನ್ ವಾಲ್ಡ್‌ಮನ್ ಅವರಿಗೆ ಮಾರುದ್ದದ ಪತ್ರ ಬರೆದರು. ತಮ್ಮ ಇಂಗ್ಲೆಂಡಿಗೊಂದು ಪುರಾಣ ಕಟ್ಟಿಕೊಡುವ ಆಸೆ ಹಿಂದೊಮ್ಮೆ ಇತ್ತು ಎಂದು ಅದರಲ್ಲಿ ಹೇಳಿಕೊಂಡರು. ಕೆಲವು ದೊಡ್ಡ ಕಥೆಗಳನ್ನು ತಾವೇ ಪೂರ್ತಿ ಬರೆಯುವುದು, ಉಳಿದವನ್ನು ಬರೀ ಗೆರೆ ಎಳೆದು ಬಿಡುವುದು, ಬಣ್ಣ, ಸಂಗೀತ, ನಾಟಕ ಬಲ್ಲ ಬೇರೆಯವರು ಬಂದು ಅವನ್ನು ತುಂಬುವುದು. ಇದು ಅವರ ಲೆಕ್ಕಾಚಾರವಾಗಿತ್ತು. ಹೇಳಿದ ಮರುಗಳಿಗೆಯಲ್ಲೇ ತಮ್ಮ ಆಸೆಯನ್ನು ತಾವೇ ಗೇಲಿ ಮಾಡಿಕೊಂಡದ್ದೂ ಅಲ್ಲೇ ಇದೆ. ಅದೇ ಮನುಷ್ಯ 1966ರಲ್ಲಿ, ಓದುಗನೊಬ್ಬ ಕಥೆಯ ಮುಂದಿನ ಭಾಗ ತಾನು ಬರೆಯುತ್ತೇನೆಂದು ಹೊರಟಾಗ, ಪ್ರಕಾಶಕರಿಗೆ ಬರೆದ ಪತ್ರದಲ್ಲಿ ಆ ಹುಡುಗನನ್ನು ಕತ್ತೆಯ ಸಾಲಿಗೆ ಸೇರಿಸಿದರು. ಮಾವಿನ ತೋಪಿಗೆ ಬೇಲಿ ಹಾಕದೆ ಬಿಟ್ಟು, ಕಾಯಿ ಕಿತ್ತ ಮಕ್ಕಳನ್ನು ಗದರುವ ಅಜ್ಜನ ಹಾಗೆ. ತೋಪು ಮಾತ್ರ ತೆರೆದೇ ಇದೆ.

ತೋಪಿಗೆ ನುಗ್ಗಿದ ಮೊದಲಿಗರಲ್ಲಿ ಘಟಾನುಘಟಿಗಳಿದ್ದರು. 'ದ ಹಾಬಿಟ್' 1937ರಲ್ಲಿ ಪ್ರಕಟವಾದಾಗ ಅದರಲ್ಲಿ ಗೊಲ್ಲಮ್ ಎಂಬವನ ಗಾತ್ರದ ಮಾತೇ ಇರಲಿಲ್ಲ. ಕತ್ತಲೆ, ತಣ್ಣನೆಯ ನೀರು, ದೀಪದಂಥ ಕಣ್ಣು, ಇಷ್ಟೇ. 1962ರ ಸ್ವೀಡಿಷ್ ಅನುವಾದಕ್ಕೆ ಚಿತ್ರ ಬರೆದವರು ಮೂಮಿನ್ ಕಥೆಗಳ ಟೋವೆ ಯಾನ್ಸನ್. ಆಕೆ ಗೊಲ್ಲಮ್‌ನನ್ನು ಬಿಲ್ಬೊನ ಎದುರು ಗುಡ್ಡದಂತೆ ನಿಲ್ಲಿಸಿದರು, ತಲೆಯ ಮೇಲೊಂದು ಎಲೆಗಳ ಕಿರೀಟವನ್ನೂ ಇಟ್ಟರು. ಪುಸ್ತಕ ಓದಿ ಬರೆದ ಚಿತ್ರವೇ ಅದು, ಪುಸ್ತಕ ಹೇಳದ್ದನ್ನು ಆಕೆಯ ಕೈ ಹೇಳಿತು. ಚಿತ್ರಕಾರರು ಹೀಗೆ ಗೊಲ್ಲಮ್‌ನನ್ನು ದೈತ್ಯನನ್ನಾಗಿಸುವುದು ಟೋಲ್ಕೀನರಿಗೆ ಹಿಡಿಸಲಿಲ್ಲ. 1966ರ ಪರಿಷ್ಕೃತ ಆವೃತ್ತಿಯಲ್ಲಿ ಅವನು ಸಣ್ಣವನು ಎಂದು ಸ್ಪಷ್ಟ ಮಾಡುವ ವಿಶೇಷಣ ಬಂದು ಕೂತಿತು. ಚಿತ್ರಕಾರರ ಕುಂಚ ಮೂಲ ಪಠ್ಯವನ್ನೇ ತಿದ್ದಿಸಿದ ಇಂಥ ಉದಾಹರಣೆ ಹೆಚ್ಚು ಸಿಗುವುದಿಲ್ಲ. ಇನ್ನು ಮುಂದೆ ಯಾರಾದರೂ ನಿಮ್ಮನ್ನು 'ಬರೀ ಅಭಿಮಾನಿಗಳು' ಎಂದರೆ ಈ ಕಥೆ ಹೇಳಿ.

ಇನ್ನೊಬ್ಬರು ಡೆನ್ಮಾರ್ಕಿನ ಮಾರ್ಗರೆಥೆ. 'ಲಾರ್ಡ್ ಆಫ್ ದ ರಿಂಗ್ಸ್' ಓದಿ ಮರುಳಾದ ಈ ರಾಜಕುಮಾರಿ ತಾನು ಬರೆದ ಚಿತ್ರಗಳನ್ನು 1970ರ ಸುಮಾರಿಗೆ ಟೋಲ್ಕೀನರಿಗೇ ಕಳಿಸಿದರು. 1972ರಲ್ಲಿ ಆಕೆ ದೇಶದ ರಾಣಿಯಾದರು. 1977ರಲ್ಲಿ ಚಿತ್ರಗಳು ಪುಸ್ತಕದೊಳಗೆ ಬಂದವು, ರಾಣಿಯ ಹೆಸರಿನಲ್ಲಿ ಮಾತ್ರ ಬರಲಿಲ್ಲ. ಇಂಗಾಹಿಲ್ಡ್ ಗ್ರಾಥ್ಮರ್ ಎಂಬ ಕಾವ್ಯನಾಮ, ತಪ್ಪಿದರೆ ಚಿತ್ರನಾಮ ಅನ್ನೋಣ, ಇಟ್ಟುಕೊಂಡರು. ಅರಮನೆಯಲ್ಲಿ ಕೂತು ಹಾಬಿಟ್‌ಗಳ ಚಿತ್ರ ಬರೆಯುವುದು, ಅದನ್ನು ಬೇರೆ ಹೆಸರಿನಲ್ಲಿ ಹೊರಗೆ ಬಿಡುವುದು. ಸುಳ್ಳು ಹೆಸರಿನ ಹಿಂದೆ ಕೂತು ಬರೆಯುವ ನಿಮ್ಮಲ್ಲಿ ಎಷ್ಟೋ ಮಂದಿಗೆ ಆಕೆಯ ಸಂಕೋಚ ಚೆನ್ನಾಗಿ ಗೊತ್ತು.

ಈಗ ಡಿಸ್ ಎಂಬ ಹೆಂಗಸಿನ ವಿಷಯ. 'ಲಾರ್ಡ್ ಆಫ್ ದ ರಿಂಗ್ಸ್' ಕೊನೆಯ ಅನುಬಂಧಗಳಲ್ಲಿ ಡ್ವಾರ್ಫ್‌ಗಳ ಒಂದು ವಂಶವೃಕ್ಷ ಇದೆ. ಗಂಡಸರ ಹೆಸರುಗಳ ಆ ಕಾಡಿನಲ್ಲಿ ಒಂದೇ ಒಂದು ಹೆಣ್ಣು ಹೆಸರು, ಡಿಸ್. ಥೋರಿನ್‌ನ ತಂಗಿ, ಫಿಲಿ ಕಿಲಿಯರ ತಾಯಿ. ಈ ಚರಿತ್ರೆಗಳಲ್ಲಿ ಹೆಸರು ಸಿಕ್ಕಿರುವ ಡ್ವಾರ್ಫ್ ಹೆಂಗಸು ಈಕೆ ಒಬ್ಬಳೇ ಎಂದು ಟೋಲ್ಕೀನರೇ ಬರೆದಿದ್ದಾರೆ. ಅವಳ ಬಗ್ಗೆ ಇರುವುದು ಅಷ್ಟೇ. ಆದರೆ ಅದೇ ಪುಟಗಳಲ್ಲಿ ಬೆರಳಿಟ್ಟು ಇಸವಿಗಳನ್ನು ಓದುತ್ತಾ ಹೋದರೆ ಬೇರೆಯದೇ ಕಥೆ ಹೊರಬರುತ್ತದೆ. ತಾತನ ತಲೆ ಕಡಿದರು. ಆ ಸೇಡಿನ ಯುದ್ಧದಲ್ಲಿ ನಡುವಿನ ಅಣ್ಣ ಫ್ರೆರಿನ್ ಸತ್ತ. ಅಪ್ಪ ಅಲೆದಾಟಕ್ಕೆ ಹೊರಟು ಸೌರಾನ್‌ನ ಸೆರೆಯಲ್ಲಿ ಪ್ರಾಣ ಬಿಟ್ಟ. 2941ರಲ್ಲಿ, ಆ ಲೋಕದ ಲೆಕ್ಕದ ಇಸವಿ, ಒಂದೇ ಯುದ್ಧದಲ್ಲಿ ದೊಡ್ಡಣ್ಣ ಥೋರಿನ್ ಮತ್ತು ಇಬ್ಬರು ಮಕ್ಕಳು ಹೋದರು. ಮಕ್ಕಳು ಸತ್ತದ್ದು ತಾಯಿಯ ಅಣ್ಣನಿಗೆ ಅಡ್ಡ ನಿಂತು. ಓದುಗರು ಆ ಯುದ್ಧಕ್ಕೆ ಅತ್ತದ್ದುಂಟು. ಮನೆಯಲ್ಲಿ ಉಳಿದವಳ ಕಡೆ ತಿರುಗಿ ನೋಡಿದವರು ನೀವು.

ಡಿಸ್‌ಳನ್ನು ನಿಮ್ಮಲ್ಲಿ ಬಹಳ ಮಂದಿ ಬರೆದಿದ್ದೀರಿ, ಗಡ್ಡ ಸಮೇತ. ಅದಕ್ಕೆ ಆಧಾರ ಇದೆ. ದಾರಿಯಲ್ಲಿ ಹೋಗುವ ಡ್ವಾರ್ಫ್ ಹೆಂಗಸನ್ನು ಗಂಡಸಿನಿಂದ ಬೇರೆ ಮಾಡಿ ಗುರುತಿಸಲು ಉಳಿದ ಜನಾಂಗದವರಿಗೆ ಆಗುತ್ತಿರಲಿಲ್ಲ ಎಂಬುದು ಅನುಬಂಧದ ಮಾತು. 2022ರಲ್ಲಿ 'ದ ರಿಂಗ್ಸ್ ಆಫ್ ಪವರ್' ಸರಣಿಯಲ್ಲಿ ಡೀಸಾ ಎಂಬ ಡ್ವಾರ್ಫ್ ಯುವರಾಣಿ ಗಡ್ಡವಿಲ್ಲದೆ ಬಂದಾಗ ನಿಮ್ಮ ಬಳಗದಲ್ಲಿ ನಡೆದ ಜಗಳ ಚಿಕ್ಕದಲ್ಲ. ಹೊರಗಿನವರಿಗೆ ಅದು ಕೂದಲಿನ ಜಗಳದಂತೆ ಕಂಡಿತು. ಹೆಣ್ಣಿನ ಮುಖ ಹೀಗೇ ಇರಬೇಕು ಎಂಬ ಅಚ್ಚಿನಿಂದ ಹೊರಗಿರುವ ಒಂದು ಮುಖ ಪುಸ್ತಕದಲ್ಲಿ ಸಿಕ್ಕಿತ್ತು. ಅದನ್ನು ದುಡ್ಡಿರುವವರು ಮತ್ತೆ ಅದೇ ಅಚ್ಚಿಗೆ ಹಾಕಿದರು. ನಿಮ್ಮ ಸಿಟ್ಟು ನ್ಯಾಯವಾದದ್ದು.

ದುಡ್ಡಿನ ಮಾತು ಬಂದದ್ದರಿಂದ ಕೇಟ್ ಮ್ಯಾಡಿಸನ್ ಅವರನ್ನು ನೆನೆಯಬೇಕು. ಆರಗೋರ್ನ್ ಎಲ್ಲರಿಗೂ ಗೊತ್ತು. ಅವನ ಅಪ್ಪ ಅಮ್ಮ ಅನುಬಂಧದ ಒಂದೆರಡು ಪುಟದವರು. ಗಿಲ್‌ರೈನ್ ಎಂಬ ಹುಡುಗಿಗೆ ಇನ್ನೂ ಚಿಕ್ಕ ವಯಸ್ಸು ಎಂದು ಅವಳ ಅಪ್ಪ ಮದುವೆಗೆ ಒಪ್ಪುವುದಿಲ್ಲ. ಮುಂದೆ ಆಗುವುದು ಕಂಡಿದ್ದ ಅಮ್ಮ ಒಪ್ಪಿಸುತ್ತಾಳೆ. ಮಗುವಿಗೆ ಎರಡು ವರ್ಷ ಆಗಿದ್ದಾಗ ಗಂಡ ಆರಥೋರ್ನ್ ಓರ್ಕ್ ಬಾಣಕ್ಕೆ ಬಲಿಯಾಗುತ್ತಾನೆ, ಬಾಣ ಕಣ್ಣಿಗೇ ನಾಟಿರುತ್ತದೆ. ತಾಯಿ ಮಗುವನ್ನು ಎತ್ತಿಕೊಂಡು ರಿವೆಂಡೆಲ್ ಸೇರುತ್ತಾಳೆ. ಇಷ್ಟನ್ನೇ ಹಿಡಿದು ಇಂಗ್ಲೆಂಡಿನ ಮ್ಯಾಡಿಸನ್ 2009ರಲ್ಲಿ 'ಬಾರ್ನ್ ಆಫ್ ಹೋಪ್' ಎಂಬ ಅಭಿಮಾನಿ ಸಿನಿಮಾ ಮಾಡಿದರು. ಒಂದು ಗಂಟೆ ಮೀರಿದ ಚಿತ್ರ, ಖರ್ಚು ಸುಮಾರು 25,000 ಪೌಂಡ್, ಅದರಲ್ಲಿ ದೊಡ್ಡ ಪಾಲು ಅಭಿಮಾನಿಗಳ ಜೇಬಿನದು. ಸಫೋಕ್ ಸೀಮೆಯ ವೆಸ್ಟ್ ಸ್ಟೋನಲ್ಲಿ ಹಳೆಯ ಆಂಗ್ಲೋ-ಸ್ಯಾಕ್ಸನ್ ಹಳ್ಳಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಆ ಹುಲ್ಲುಮಾಡಿನ ಮನೆಗಳೇ ಇವರ ಸೆಟ್. ಪುಸ್ತಕದಲ್ಲಿ ಎಲ್ಲೂ ಇಲ್ಲದ ಎಲ್ಗರೈನ್ ಎಂಬ ಹೋರಾಟಗಾರ್ತಿಯನ್ನು ಸೃಷ್ಟಿಸಿ, ಆ ಪಾತ್ರವನ್ನು ನಿರ್ದೇಶಕಿಯೇ ಮಾಡಿದರು. ಚಿತ್ರ ಎಲ್ಲರಿಗೂ ಉಚಿತ.

ಈ ಚಿತ್ರದಲ್ಲಿ ಮೆಚ್ಚಬೇಕಾದದ್ದು ಅದರ ಅಳತೆ. ಅಲ್ಲಿ ಯಾರೂ ಲೋಕ ಉಳಿಸುವುದಿಲ್ಲ. ಹಳ್ಳಿ ಉಳಿಸಿಕೊಳ್ಳುವುದೇ ಕಷ್ಟವಾಗಿದೆ. ಮದುವೆ ಊಟ, ಕೆಸರು, ಕಾವಲು, ಮಗು. ತಕರಾರು ಶುರುವಾಗುವುದು ಇಲ್ಲಿಂದಲೇ.

ನಿಮ್ಮಲ್ಲಿ ಹೆಚ್ಚಿನವರು ಸಣ್ಣ ಪಾತ್ರವನ್ನು ಎತ್ತಿಕೊಂಡ ಕೂಡಲೇ ಅದನ್ನು ದೊಡ್ಡದು ಮಾಡಲು ಹೊರಡುತ್ತೀರಿ. ಅವಳ ಕೈಗೊಂದು ಕತ್ತಿ, ಹಿಂದೆ ಹಾರುವ ಕೂದಲು, ಒಂದು ಗುಟ್ಟಿನ ರಾಜವಂಶ, ಇಬ್ಬರು ಪ್ರೇಮಿಗಳು. ಕೊನೆಗೆ ಆಗುವುದು ಇನ್ನೊಬ್ಬ ನಾಯಕಿ, ಮತ್ತು ನಾಯಕಿಯರು ಬೇಕಾದಷ್ಟು ಇದ್ದಾರೆ. ಈ ತಪ್ಪನ್ನು ಮಾಡಲು ಕೋಟಿ ಕೋಟಿ ಇರುವವರಿಗೂ ಆಗುತ್ತದೆ ಎಂಬುದಕ್ಕೆ ಟೌರಿಯಲ್ ಸಾಕ್ಷಿ. 'ದ ಹಾಬಿಟ್' ಪುಸ್ತಕದ ಕಥೆಯೊಳಗೆ ಓಡಾಡುವ ಹೆಂಗಸೇ ಇಲ್ಲ. ಬಿಲ್ಬೊನ ತಾಯಿ ಬೆಲಡೊನ್ನಾಳ ಹೆಸರು ಬಂದುಹೋಗುತ್ತದೆ, ಅಷ್ಟೆ. ಆ ಕೊರತೆ ತುಂಬಲು ಜಾಕ್ಸನ್ ತಂಡ 2013ರ ಎರಡನೆಯ ಭಾಗದಲ್ಲಿ ಟೌರಿಯಲ್ ಎಂಬ ಎಲ್ಫ್ ಕಾವಲುಗಾರ್ತಿಯನ್ನು ಹುಟ್ಟಿಸಿತು. ಉದ್ದೇಶ ಒಳ್ಳೆಯದು, ಇವಾಂಜೆಲಿನ್ ಲಿಲ್ಲಿ ಅಭಿನಯವೂ ಒಳ್ಳೆಯದು. ಆದರೆ ಎರಡು ಸಿನಿಮಾ ಮುಗಿಯುವ ಹೊತ್ತಿಗೆ ಅವಳು ಲೆಗೊಲಾಸ್ ಮತ್ತು ಕಿಲಿಯ ನಡುವೆ ಸಿಕ್ಕ ಹುಡುಗಿ. ಅದೇ ಸಿನಿಮಾಗಳಲ್ಲಿ ಕಿಲಿಯ ತಾಯಿಗೆ, ಪುಸ್ತಕದಲ್ಲಿ ನಿಜವಾಗಿಯೂ ಇರುವ ಡಿಸ್‌ಳಿಗೆ, ಕೂರಲು ಒಂದು ಮಣೆಯೂ ಸಿಗಲಿಲ್ಲ.

ದೊಡ್ಡದು ಮಾಡುವ ಬದಲು ಹತ್ತಿರ ಹೋಗಿ ನೋಡಿ. ಲೊಬೀಲಿಯಾ ಸ್ಯಾಕ್‌ವಿಲ್-ಬ್ಯಾಗಿನ್ಸ್ ಇದ್ದಾಳಲ್ಲ. ಬಿಲ್ಬೊನ ಮನೆಯ ಮೇಲೆ ಕಣ್ಣಿಟ್ಟ ನೆಂಟರ ಹೆಂಗಸು, ಪ್ರತಿ ಊರಿನ ಪ್ರತಿ ಕೇರಿಯಲ್ಲೂ ಒಬ್ಬಳಿರುತ್ತಾಳೆ. ಬೆಳ್ಳಿ ಚಮಚಗಳು ಕಾಣೆಯಾದದ್ದು ಇವಳಿಂದಲೇ ಎಂಬ ಗುಮಾನಿ ಬಿಲ್ಬೊಗೆ. ಊರು ಬಿಡುವಾಗ ಬೇಕೆಂದೇ ಒಂದು ಪೆಟ್ಟಿಗೆ ಚಮಚ ಅವಳಿಗೆ ಉಡುಗೊರೆ ಕೊಟ್ಟು ಹೋಗುತ್ತಾನೆ. ಓದುಗರೆಲ್ಲ ನಗುತ್ತಾರೆ. ಸಾವಿರ ಪುಟ ಕಳೆದು ಹಾಬಿಟ್‌ಗಳು ಊರಿಗೆ ಮರಳಿದಾಗ ಶೈರ್ ಪುಂಡರ ಕೈಯಲ್ಲಿದೆ. ಆ ಪುಂಡರು ಶೆಡ್ ಕಟ್ಟಲು ಬಂದಾಗ ದಾರಿಗೆ ಅಡ್ಡ ನಿಂತವಳು ಇದೇ ಮುದುಕಿ, ಕೈಯಲ್ಲಿದ್ದದ್ದು ಕೊಡೆ. ಎಳೆದೊಯ್ದು ಸೆರೆಗೆ ತಳ್ಳಿದರು. ಬಿಡುಗಡೆಯ ದಿನ ಫ್ರೋಡೊನ ತೋಳಿಗೆ ಒರಗಿ ಹೊರಬಂದಳು, ಕೊಡೆ ಕೈಯಲ್ಲೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಯಾರಿಗೂ ಬೇಕಾಗಿರದ ಹೆಂಗಸು, ಅಳುತ್ತಾ ಗಾಡಿ ಹತ್ತಿದಳು. ಮಗ ಕೊಲೆಯಾದ ಸುದ್ದಿ ಕೇಳಿದ ಮೇಲೆ ಆ ಮನೆ ಬೇಡವೆಂದು ಫ್ರೋಡೊಗೇ ಬಿಟ್ಟುಕೊಟ್ಟು ತವರಿನವರ ಬಳಿ ಹೋದಳು. ಮುಂದಿನ ವಸಂತಕ್ಕೆ ತೀರಿಕೊಂಡಾಗ ನೂರು ದಾಟಿತ್ತು. ಉಳಿದ ಹಣ ಮನೆ ಕಳೆದುಕೊಂಡ ಹಾಬಿಟ್‌ಗಳಿಗೆ ಹೋಗಬೇಕೆಂದು ಬರೆದಿಟ್ಟಿದ್ದಳು.

ಇದರಲ್ಲಿ ಸೇರಿಸಲು ಏನಿದೆ? ಚಿತ್ರಕಾರರಿಗೆ ಬೇಕಾದಷ್ಟಿದೆ. ಆ ಕೊಡೆಯ ಒಂದು ಕಡ್ಡಿ ಮುರಿದಿತ್ತೇ? ಸೆರೆಮನೆಯ ಕತ್ತಲೆಯಲ್ಲಿ ಅದನ್ನು ಎಲ್ಲಿ ಒರಗಿಸಿಡುತ್ತಿದ್ದಳು? ಚಪ್ಪಾಳೆ ಕೇಳಿದಾಗ ಅವಳ ಮುಖ ಹೇಗಾಯಿತು? ಎಲ್ಫ್‌ಗಳ ನುಣುಪು ಕೆನ್ನೆ ಬರೆದು ಬರೆದು ಪಳಗಿದ ಕೈಗಳಿಗೆ ಸುಕ್ಕು ಬರೆಯುವುದು ಕಷ್ಟ, ಒಪ್ಪಿಕೊಳ್ಳೋಣ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಒಂದು ಮಧ್ಯಾಹ್ನ ಎದುರಿಗೆ ಕೂರಿಸಿಕೊಳ್ಳಿ.

ಮಿನಾಸ್ ಟಿರಿತ್‌ನ ಆಸ್ಪತ್ರೆಯ ಹಿರಿಯ ದಾದಿ ಐಯೊರೆತ್‌ಳದೂ ಇದೇ ಜಾಯಮಾನ. ಬಾಯಿ ಬಿಟ್ಟರೆ ಮುಚ್ಚದ ಹಳ್ಳಿ ಮುದುಕಿ. ರಾಜನ ಕೈ ವೈದ್ಯನ ಕೈ ಎಂಬ ಹಳೆಯ ಮಾತನ್ನು ಸರಿಯಾದ ಹೊತ್ತಿಗೆ ನೆನಪಿಸಿದವಳು ಅವಳೇ. ಪಂಡಿತನಾದ ಔಷಧಾಲಯದವನಿಗೆ ಬೇಕಾದ ಸೊಪ್ಪಿನ ಹೆಸರು ಮೂರು ಭಾಷೆಯಲ್ಲಿ ಗೊತ್ತು, ಸೊಪ್ಪು ಮಾತ್ರ ಅವನ ಹತ್ತಿರ ಇಲ್ಲ. ಮಲೆನಾಡಿನ ಮನೆಮದ್ದಿನ ಅಜ್ಜಿಯರನ್ನು ಕಂಡವರು ಈ ಪುಟ ಓದಿ ನಗದೆ ಇರಲಾರರು. ಸಿನಿಮಾದಲ್ಲಿ ಅವಳಿಗೆ ಜಾಗ ಸಿಗಲಿಲ್ಲ.

ಹೆಸರಿಲ್ಲದವರಿಗೆ ಹೆಸರಿಡುವ ನಿಮ್ಮ ಕೆಲಸದ ಬಗ್ಗೆ ಈಗ ಎರಡು ಮಾತು. ಮೂರು ಎಲ್ಫ್ ಉಂಗುರಗಳನ್ನು ಮಾಡಿದ ಕೆಲೆಬ್ರಿಂಬೊರ್‌ಗೆ ಅಪ್ಪ ಯಾರೆಂದು ಗೊತ್ತು, ಅಜ್ಜ ಯಾರೆಂದು ಗೊತ್ತು, ಅಮ್ಮನ ಹೆಸರಿಲ್ಲ. ನೀವು ಇಡುತ್ತೀರಿ. ಅದೂ ಬಾಯಿಗೆ ಬಂದದ್ದಲ್ಲ. ಟೋಲ್ಕೀನರ ಧಾತುಪಟ್ಟಿ 1987ರಲ್ಲಿ ಪ್ರಕಟವಾದ 'ದ ಲಾಸ್ಟ್ ರೋಡ್' ಸಂಪುಟದಲ್ಲಿದೆ. ಅದನ್ನು ಮುಂದಿಟ್ಟುಕೊಂಡು, ಧಾತು ಹಿಡಿದು, ಪ್ರತ್ಯಯ ಹಚ್ಚಿ ಹೆಸರು ಕಟ್ಟುವವರು ನಿಮ್ಮಲ್ಲಿದ್ದಾರೆ. ಕನ್ನಡದವರಿಗೆ ಇಲ್ಲೊಂದು ಅನುಕೂಲ. ಸಿಂಡರಿನ್ ಭಾಷೆಯಲ್ಲಿ ಸಮಾಸದ ಎರಡನೆಯ ಪದ ಮೆತ್ತಗಾಗುತ್ತದೆ, ಕ ಹೋಗಿ ಗ ಬರುತ್ತದೆ, ತ ಹೋಗಿ ದ, ಪ ಹೋಗಿ ಬ. ಹೊಳೆಯುವುದು ಎಂಬರ್ಥದ 'ಕಲ್' ಧಾತು ಗಿಲ್-ಗಲಾಡ್ ರಾಜನ ಹೆಸರಿನಲ್ಲಿ 'ಗಲ್' ಆಗಿದೆ. ಹಸಿರು ಎಂಬ 'ಕಲೆನ್' ಪಾರ್ಥ್ ಗಲೆನ್ ಎಂಬ ಹುಲ್ಲುಗಾವಲಿನಲ್ಲಿ 'ಗಲೆನ್'. ಮಳೆಗೆ ಕಾಲ ಸೇರಿ ಮಳೆಗಾಲ, ಬೆಟ್ಟಕ್ಕೆ ತಾವರೆ ಸೇರಿ ಬೆಟ್ಟದಾವರೆ. ಎಂಟನೆಯ ತರಗತಿಯಲ್ಲಿ ಶಪಿಸುತ್ತಾ ಕಲಿತ ಆದೇಶಸಂಧಿ ಇಂಥ ಕಡೆ ಉಪಯೋಗಕ್ಕೆ ಬರುತ್ತದೆಂದು ಯಾವ ಮೇಷ್ಟ್ರೂ ಹೇಳಿರಲಿಕ್ಕಿಲ್ಲ.

ಕೆಲೆಬ್ರಿಂಬೊರ್‌ನ ಅಜ್ಜಿ ನೆರ್ಡನೆಲ್‌ಳದು ಇನ್ನೊಂದು ತರಹ. 1977ರ 'ಸಿಲ್ಮರಿಲಿಯನ್'ನಲ್ಲಿ ಆಕೆ ಫಿಯನೋರ್‌ನ ಹೆಂಡತಿ, ಏಳು ಗಂಡುಮಕ್ಕಳ ತಾಯಿ, ಕೊನೆಗೆ ಗಂಡನಿಂದ ದೂರವಾದವಳು. 1993ರಲ್ಲಿ 'ಮಾರ್ಗಾತ್ಸ್ ರಿಂಗ್' ಬಂದ ಮೇಲೆ ಗೊತ್ತಾಯಿತು, ಆಕೆ ಶಿಲ್ಪಿ. ಅವಳು ಕಡೆದ ಪ್ರತಿಮೆಗಳನ್ನು ನಿಜದ ಜನರೆಂದು ತಿಳಿದು ಗೆಳೆಯರು ಮಾತಾಡಿಸುತ್ತಿದ್ದರಂತೆ. ಇದು ತಿಳಿದ ಮೇಲೆ ನಿಮ್ಮ ಚಿತ್ರಗಳಲ್ಲಿ ಅವಳ ಕೈಗೆ ಉಳಿ ಬಂತು, ಮುಂಗೈಗೆ ಕಲ್ಲಿನ ಧೂಳು ಬಂತು. ತೊರೆದ ಹೆಂಡತಿ ಹೋಗಿ ಕೆಲಸಗಾರ್ತಿ ಬಂದಳು. ಕತ್ತಿ ಹಿಡಿಸಿದ್ದರೆ ಇದು ಆಗುತ್ತಿರಲಿಲ್ಲ.

ಮೂಲ ಲೇಖಕರೂ ಸಣ್ಣ ಪಾತ್ರಗಳ ವಿಷಯದಲ್ಲಿ ಮನಸ್ಸು ಬದಲಿಸುತ್ತಿದ್ದರು ಎಂಬುದು ನಿಮಗೆ ಧೈರ್ಯ ಕೊಡಬೇಕು. ಐವರು ಮಾಂತ್ರಿಕರಲ್ಲಿ ನೀಲಿ ಉಡುಪಿನ ಇಬ್ಬರು ಪೂರ್ವಕ್ಕೆ ಹೋದರು, ಮರಳಲಿಲ್ಲ. 1958ರ ಒಂದು ಪತ್ರದಲ್ಲಿ, ಅವರು ಬಹುಶಃ ಸೋತಿರಬೇಕು ಎಂದು ಟೋಲ್ಕೀನ್ ಬರೆದರು. ಸಾಯುವ ಮೊದಲಿನ ವರ್ಷಗಳ ಟಿಪ್ಪಣಿಯಲ್ಲಿ ಅವರ ಹೆಸರೂ ಬೇರೆ, ಗತಿಯೂ ಬೇರೆ. ಪೂರ್ವದಲ್ಲಿ ಸೌರಾನ್‌ನ ಬಲ ಕುಗ್ಗಿಸಿದವರೇ ಅವರು ಎಂದಾಯಿತು. ಹಾಗಾದರೆ ಯಾವುದು ನಿಜ? ಎರಡೂ ಅವರ ಕೈಬರಹವೇ.

ನಿಮ್ಮಲ್ಲಿ ಕನ್ನಡ ಮನೆಮಾತಿನವರೂ ಇದ್ದೀರಿ. ಈ ಕೆಲಸ ಹಾಲಿವುಡ್ ಸಿನಿಮಾ ನೋಡಿ ಕಲಿತದ್ದೆಂದು ನೀವಾದರೂ ಅಂದುಕೊಳ್ಳಬೇಡಿ. ಗಿರೀಶ ಕಾರ್ನಾಡರು 'ಯಯಾತಿ' ನಾಟಕ ಬರೆದಾಗ ಇಪ್ಪತ್ತರ ಹರೆಯದವರು. ನಾಟಕ 1961ರಲ್ಲಿ ಪ್ರಕಟವಾಯಿತು. ಅಪ್ಪನ ಮುಪ್ಪನ್ನು ತಾನು ಹೊತ್ತ ಪೂರುವಿನ ಕಥೆ ಎಲ್ಲರಿಗೂ ಗೊತ್ತಿತ್ತು. ಅವನಿಗೊಬ್ಬಳು ಹೊಸ ಹೆಂಡತಿ ಇದ್ದಿದ್ದರೆ ಆ ರಾತ್ರಿ ಅವಳ ಗತಿಯೇನು ಎಂದು ಕೇಳಿ, ಚಿತ್ರಲೇಖೆಯನ್ನು ಸೃಷ್ಟಿಸಿದರು. ಕುವೆಂಪು 1949ರ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಮಂಥರೆಯ ಒಳಗಿನ ಮಮತೆಗೆ ಜಾಗ ಮಾಡಿಕೊಟ್ಟರು. ತಾಳಮದ್ದಳೆಯ ಅರ್ಥಧಾರಿ ಭಾಗವತರ ಒಂದು ಪದ್ಯ ಹಿಡಿದು ಅರ್ಧ ಗಂಟೆ ಶಲ್ಯನ ಪರವಾಗಿ ವಾದಿಸುತ್ತಾನೆ. ಇವರನ್ನೆಲ್ಲ 'ಅಭಿಮಾನಿ ಕಲಾವಿದರು' ಎಂದರೆ ಕೆಲವು ವಿಮರ್ಶಕರಿಗೆ ಕೋಪ ಬಂದೀತು. ಬರಲಿ.

ಒಂದು ಸಣ್ಣ ದೂರು, ಇದು ನಿಮ್ಮೊಳಗಿನ ವಿಷಯ. ಹೆಸರಿಲ್ಲದ ಪಾತ್ರಕ್ಕೆ ಹೆಸರಿಟ್ಟು ಬರೆದ ಚಿತ್ರ, ಬರೆದವರ ಹೆಸರಿಲ್ಲದೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಮೂಲೆಯ ಸಹಿಯನ್ನು ಕತ್ತರಿಸಿ ದಾಟಿಸುವವರಲ್ಲೂ ನಿಮ್ಮವರೇ ಇದ್ದಾರೆ. ಫಿಗ್‌ವಿಟ್‌ಗೆ ಸಿಕ್ಕ ನ್ಯಾಯ ಅವನ ಚಿತ್ರ ಬರೆದವರಿಗೂ ಸಿಗಲಿ.

ಕೊನೆಗೆ, ಇನ್ನೂ ಸರಿಯಾಗಿ ಬರೆಯದೆ ಉಳಿದ ಒಬ್ಬನ ವಿಷಯ. ಇಥಿಲಿಯನ್ ಕಾಡಿನಲ್ಲಿ ಫರಾಮಿರ್‌ನ ಜನ ದಕ್ಷಿಣದಿಂದ ಬಂದ ಸೈನ್ಯದ ಮೇಲೆ ಎರಗುತ್ತಾರೆ. ಮನುಷ್ಯರು ಮನುಷ್ಯರನ್ನು ಕೊಲ್ಲುವುದನ್ನು ಸ್ಯಾಮ್ ನೋಡುವುದು ಅದೇ ಮೊದಲು. ಮರಗಳ ಅಂಚಿನಿಂದ ಒಬ್ಬ ಉರುಳಿ ಅವನ ಕಾಲ ಬಳಿಯೇ ಬೋರಲು ಬೀಳುತ್ತಾನೆ. ಹರಿದ ಕೆಂಪು ಅಂಗಿ, ಹಿತ್ತಾಳೆ ಪಟ್ಟಿಗಳ ಕವಚ, ಚಿನ್ನ ಹೆಣೆದ ಕಪ್ಪು ಜಡೆಗಳು, ಮುರಿದ ಕತ್ತಿಯ ಹಿಡಿಯನ್ನು ಇನ್ನೂ ಬಿಡದ ಕಂದು ಬಣ್ಣದ ಕೈ. ಮುಖ ಕಾಣುತ್ತಿಲ್ಲ, ಕಾಣದಿದ್ದದ್ದೇ ಒಳ್ಳೆಯದಾಯಿತು ಎಂದುಕೊಳ್ಳುತ್ತಾನೆ ಸ್ಯಾಮ್. ಇವನ ಹೆಸರೇನು, ಎಲ್ಲಿಂದ ಬಂದ, ನಿಜವಾಗಿ ಕೆಟ್ಟವನೇ ಅಥವಾ ಯಾರಾದರೂ ಸುಳ್ಳು ಹೇಳಿ, ಹೆದರಿಸಿ ಕರೆತಂದರೇ ಎಂದೂ ಯೋಚಿಸುತ್ತಾನೆ. ಅಷ್ಟರಲ್ಲಿ ಭಾರೀ ಆನೆಯೊಂದು ನುಗ್ಗಿ ಬರುತ್ತದೆ, ಯೋಚನೆ ಅಲ್ಲಿಗೇ ಕಡಿಯುತ್ತದೆ. ಸಿನಿಮಾದ ವಿಸ್ತೃತ ಆವೃತ್ತಿಯಲ್ಲಿ ಈ ಮಾತು ಫರಾಮಿರ್‌ನ ಬಾಯಿಗೆ ಹೋಯಿತು.

ದಸರೆಯ ಆನೆ ನೋಡಿ ಬೆಳೆದವರು ಈ ಪುಟದಲ್ಲಿ ಒಂದು ಕ್ಷಣ ತಡವರಿಸದೆ ಇರಲಾರರು. ದಕ್ಷಿಣದವರು, ಕಂದು ಕೈಯವರು, ಆನೆ ಏರಿ ಬರುವವರು ಇಲ್ಲಿ ಶತ್ರುಪಕ್ಷ. ಸೋತವರ ಕಡೆಯಿಂದ ಇಡೀ ಕಥೆಯನ್ನು ತಿರುಗಿಸಿ ಹೇಳಿದವರೂ ಇದ್ದಾರೆ. ರಷ್ಯಾದ ಕಿರಿಲ್ ಯೆಸ್ಕೋವ್, ಪಳೆಯುಳಿಕೆಗಳನ್ನು ಅಭ್ಯಸಿಸುವ ವಿಜ್ಞಾನಿ, 1999ರಲ್ಲಿ 'ಕೊನೆಯ ಉಂಗುರಧಾರಿ' ಬರೆದು ಮೊರ್ಡೊರ್ ಪರವಾಗಿ ವಕಾಲತ್ತು ಮಾಡಿದರು. ಚುರುಕಾದ ಪುಸ್ತಕ, ಆದರೆ ಅದೂ ದೊಡ್ಡವರ ರಾಜಕೀಯದ ಕಥೆಯೇ. ಕಾಡಿನಲ್ಲಿ ಬಿದ್ದವನು ಬಿದ್ದೇ ಇದ್ದಾನೆ.

ಅವನ ಮುಖ ಬರೆಯಬೇಡಿ, ಸ್ಯಾಮ್‌ಗೂ ಅದು ಕಂಡಿಲ್ಲ. ಜಡೆ ಬರೆಯಿರಿ. ಅಷ್ಟು ಜಡೆಗಳಿಗೆ ಚಿನ್ನದ ಎಳೆ ಹೆಣೆಯಲು ಒಬ್ಬನಿಗೇ ಆಗುವುದಿಲ್ಲ, ಹಿಂದೆ ಯಾರೋ ಕೂತಿರಬೇಕು. ಹೊರಡುವ ದಿನ ಬೆಳಿಗ್ಗೆ, ಹರಾಡ್‌ನ ಯಾವುದೋ ಮನೆಯ ಜಗಲಿಯಲ್ಲಿ. ತಾಯಿಯೋ, ಹೆಂಡತಿಯೋ, ತಂಗಿಯೋ, ನಿಮಗೆ ಬಿಟ್ಟದ್ದು. ಆ ಕೈಗಳನ್ನು ನಿಮ್ಮಲ್ಲಿ ಒಬ್ಬರಾದರೂ ಬರೆಯಿರಿ. ಬರೆದ ಮೇಲೆ ಕೆಳಗೆ ನಿಮ್ಮ ಹೆಸರು ಹಾಕಲು ಮರೆಯಬೇಡಿ.

ಇತಿ,
ನಿಮ್ಮ ಚಿತ್ರಗಳನ್ನು ಕೂಡಿಟ್ಟುಕೊಂಡಿರುವ ಒಬ್ಬ ಓದುಗ